ಹಿಂದೆ ಬರುವ ಗಾಡಿ

ಹುಣಸೂರಿನ ಬಜಾರಿನಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟಿರುವ ಫರ್ಹಾನಾಗೆ ಈ ಪ್ರಪಂಚದಲ್ಲಿ ಒಂದೇ ಒಂದು ಗಾಡಿಯ ಮೇಲೆ ಸಿಟ್ಟಿತ್ತು. ಅದು ಕರಿಯಯ್ಯನ ಬಿಳಿ ಟೆಂಪೊ. ಕರಿಯಯ್ಯ ಪಾಪದ ಮನುಷ್ಯ, ಅವನ ಮೇಲೆ ಅವಳಿಗೆ ಏನೂ ಇರಲಿಲ್ಲ. ಸಿಟ್ಟೆಲ್ಲ ಗಾಡಿಯ ಮೇಲೆ.

ಊರಿನ ಯುವಕರ ಸಂಘವೊಂದು ಪ್ರತಿ ಡಿಸೆಂಬರಿನಲ್ಲಿ ಹುಣಸೂರಿನಿಂದ ವೀರನಹೊಸಹಳ್ಳಿಯ ಕಾಡಿನ ಗೇಟಿನವರೆಗೆ ಓಟ ನಡೆಸುತ್ತದೆ. ಲೆಕ್ಕಕ್ಕೆ ಸರಿಯಾಗಲಿ ಎಂದು ಊರೊಳಗೆ ಒಂದು ಸುತ್ತು ಹಾಕಿಸಿ ಇಪ್ಪತ್ತೊಂದು ಕಿಲೋಮೀಟರ್ ಮಾಡುತ್ತಾರೆ. ಎಲ್ಲರಿಗಿಂತ ಹಿಂದೆ ಕರಿಯಯ್ಯನ ಟೆಂಪೊ ಒಂದೇ ವೇಗದಲ್ಲಿ ತೆವಳಿಕೊಂಡು ಬರುತ್ತದೆ. ಗಾಡಿ ಯಾರನ್ನು ದಾಟಿತೋ ಅವರ ಓಟ ಅಲ್ಲಿಗೆ ಮುಗಿಯಿತು, ಬಾಯಿ ಮುಚ್ಚಿಕೊಂಡು ಹತ್ತಿ ಕೂರಬೇಕು. ಹೋದ ವರ್ಷ ಫರ್ಹಾನಾ ಊರೊಳಗೆ ಎಲ್ಲರೂ ನೋಡಲಿ ಎಂದು ಜಿಂಕೆಯ ಹಾಗೆ ಹಾರಿಕೊಂಡು ಹೋದಳು. ದಾರಿ ಮುಕ್ಕಾಲು ಸವೆಯುವ ಹೊತ್ತಿಗೆ ಕಾಲುಗಳು ಕೈಕೊಟ್ಟವು, ಗಾಡಿ ದಾಟಿತು. ಖಾಲಿ ನೀರಿನ ಕ್ಯಾನುಗಳ ನಡುವೆ ದುಪಟ್ಟಾವನ್ನು ಮುಖಕ್ಕೆ ಎಳೆದುಕೊಂಡು ಕೂತು ಗೇಟಿನ ಹತ್ತಿರ ಇಳಿದಾಗ, ಆಗಲೇ ಮುಟ್ಟಿದ್ದವರೆಲ್ಲ ಅವಳಿಗೆ ಚಪ್ಪಾಳೆ ತಟ್ಟಿದರು. ಯಾರಾದರೂ ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳು. ಆ ಕನಿಕರದ ಚಪ್ಪಾಳೆಯನ್ನು ಮಾತ್ರ ವರ್ಷವಿಡೀ ಮರೆಯಲಾಗಲಿಲ್ಲ.

ಅವಳಿಗೆ ಓಟದ ಹುಚ್ಚು ಹಿಡಿಸಿದವಳು ಸೌಂದರ್ಯ. ಹೆಗ್ಗಡದೇವನಕೋಟೆ ಕಡೆಯ ಹಂಪಾಪುರದ ಹುಡುಗಿ, ಹುಣಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಬ್ಲೌಸ್ ಹೊಲಿಸಲು ಬಂದವಳು, ಮಿಷನ್ ಮುಂದೆ ಕೂತೂ ಕೂತೂ ಸೊಂಟ ಹಿಡಿದುಕೊಂಡಿದ್ದ ಫರ್ಹಾನಾಳನ್ನು ಬೆಳಿಗ್ಗೆ ಮೈದಾನಕ್ಕೆ ಕರೆದುಕೊಂಡು ಹೋದಳು. ಅತ್ತೆ ಫಾತಿಮುನ್ನೀಸಾ ಎರಡು ದಿನ ಗೊಣಗಿ, ಸೊಸೆಯ ಸೊಂಟನೋವಿನ ಪುರಾಣ ನಿಂತಿದ್ದು ಕಂಡು ಸುಮ್ಮನಾದರು. ಈ ವರ್ಷ ಸೌಂದರ್ಯ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಯಾವ ದಿನ ಎಷ್ಟು ಓಡಬೇಕು, ಯಾವ ದಿನ ಸುಮ್ಮನಿರಬೇಕು ಎಂದು ಬರೆದುಕೊಟ್ಟಿದ್ದಳು. ಫರ್ಹಾನಾ ಅದನ್ನು ಮಿಷನ್ ಎದುರಿನ ಗೋಡೆಗೆ ಅಂಟಿಸಿ, ಓಡಿದ ದಿನಕ್ಕೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೀರು ಎಳೆಯುತ್ತಿದ್ದಳು.

ಅಷ್ಟರಲ್ಲಿ ನವೆಂಬರಿನ ಜ್ವರ ಬಂತು. ಊರಿಗೆ ಊರೇ ಮಲಗಿತ್ತು, ಇವಳನ್ನು ಬಿಡುತ್ತದೆಯೇ. ಒಂದು ವಾರ ಗಂಜಿ ಕುಡಿದುಕೊಂಡು ಬಿದ್ದಿದ್ದಳು. ಎದ್ದು ಅಂಗಡಿಗೆ ಬಂದಾಗ ಅವಳ ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿನ ಖಾಲಿ ಸಾಲು. ಓಟಕ್ಕೆ ತಿಂಗಳೂ ಉಳಿದಿರಲಿಲ್ಲ.

ಹೊಲಿಗೆಯವರಿಗೆ ಬಾಕಿ ತೀರಿಸುವುದು ಗೊತ್ತಿರುವುದು ಒಂದೇ ಥರ. ರಂಜಾನಿಗೆ ಮುಂಚೆ ಕರೆಂಟ್ ಹೋಗಿ ನಾಲ್ಕು ಬಟ್ಟೆ ಉಳಿದರೆ, ಮಾರನೆಯ ದಿನ ಎಂಟು ಹೊಲಿಯಬೇಕು. ಫರ್ಹಾನಾ ಓಟಕ್ಕೂ ಅದೇ ಲೆಕ್ಕ ಹಾಕಿ, ತಪ್ಪಿದ್ದನ್ನೆಲ್ಲ ಮುಂದಿನ ಎರಡು ವಾರಕ್ಕೆ ತುರುಕಿದಳು. ಸಂಜೆ ಬಂದ ಸೌಂದರ್ಯ ಗೋಡೆ ನೋಡಿ ಹಣೆ ಚಚ್ಚಿಕೊಂಡಳು.

"ಅಕ್ಕ, ತಪ್ಪಿದ್ದು ತಪ್ಪೋಯ್ತು ಬುಡಿ. ಅದ್ನ ತಂದು ಮುಂದ್ಕೆ ಯಾಕ್ ತುಂಬ್ತೀರಿ? ಮೊದ್ಲು ನಾಕ್ ದಿನ ಬರೀ ನಡೀರಿ."

"ಕರೆಂಟ್ ಹೋಯ್ತು ಅಂತ ನಾನು ಯಾರ್ದಾದ್ರೂ ಬಟ್ಟೆ ವಾಪಸ್ ಕೊಟ್ಟಿದೀನಾ? ಕೂತ್ಕೊಂಡು ಮುಗಿಸ್ತೀನಿ."

"ಮಿಷನ್ ಬ್ಯಾರೆ, ಮೈ ಬ್ಯಾರೆ ಕಣಕ್ಕ."

"ನನ್ನ ಮೈ ನಂಗೊತ್ತು ಬುಡು," ಎಂದು ಫರ್ಹಾನಾ ಮಿಷನ್ ಮೋಟರಿನ ಪೆಡಲ್ ತುಳಿದಳು. ಮಾತು ಮುಗಿಯಿತು ಎಂದು ಹೇಳಲು ಅವಳು ಯಾವಾಗಲೂ ಹಾಗೇ ಮಾಡುವುದು.

ಮಾರನೆಯ ಬೆಳಿಗ್ಗೆ ಸೌಂದರ್ಯಳಿಗೆ ಹೇಳದೆ ಒಬ್ಬಳೇ ಹೊರಟಳು. ಹೊರಟಿದ್ದೇನೋ ಜೋರಾಗಿಯೇ. ವೀರನಹೊಸಹಳ್ಳಿ ರಸ್ತೆಯಲ್ಲಿ ಊರು ಕಳೆದು ಒಂದೆರಡು ಹಳ್ಳಿ ದಾಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿತು. ಹೊಗೆಸೊಪ್ಪಿನ ಮೂಟೆ ಹೇರಿಕೊಂಡು ಎದುರಿಗೆ ಬಂದ ಟ್ರ್ಯಾಕ್ಟರು ಎರಡಾಗಿ ಕಂಡಿತು. ಮೋರಿಯ ಕಟ್ಟೆ ಸಿಕ್ಕಿತು, ಕುಸಿದು ಕೂತಳು. ಪಕ್ಕದ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಜಯಲಕ್ಷ್ಮಮ್ಮ ಓಡಿ ಬಂದು ನೀರು ಕೊಟ್ಟು, ಬೆನ್ನು ಸವರಿ, ಬಸ್ಸು ನಿಲ್ಲಿಸಿ ಹತ್ತಿಸಿದರು. ಆಕೆ ಫರ್ಹಾನಾಳ ಹತ್ತಿರವೇ ಬ್ಲೌಸ್ ಹೊಲಿಸುವವರು.

ಸಂಜೆಗೆ ಜ್ವರ ಮತ್ತೆ ಬಂತು. ಗಂಡ ಮುಜಫರ್ ಮಾತ್ರೆ ತಂದುಕೊಟ್ಟ. ಅತ್ತೆ ಗಂಜಿ ತಂದಿಟ್ಟು, ಶೂಗಳನ್ನು ಸೊಸೆಯ ಕಣ್ಣೆದುರಿಗೇ ಬೀರುವಿನ ಮೇಲೆ ಎಸೆದು ಹೋದರು. ಕಂಬಳಿಯೊಳಗೆ ಫರ್ಹಾನಾ ಚೆನ್ನಾಗಿ ಅತ್ತಳು. ಜ್ವರಕ್ಕಲ್ಲ, ಮೈಕೈ ನೋವಿಗೂ ಅಲ್ಲ. ಕಣ್ಣು ಮುಚ್ಚಿದರೆ ಆ ಟೆಂಪೊ ಬರುತ್ತಿತ್ತು, ಹಿಂದಿನ ಬಾಗಿಲು ತೆಗೆದುಕೊಂಡು.

ಈ ಸಲ ಜ್ವರ ಮೂರು ದಿನಕ್ಕೆ ಇಳಿಯಿತು. ಅಂಗಡಿ ತೆಗೆದ ದಿನವೇ ಜಯಲಕ್ಷ್ಮಮ್ಮ ಒಂದು ರೇಷ್ಮೆ ಬ್ಲೌಸ್ ಹಿಡಿದುಕೊಂಡು ಬಂದರು. ಅವರಿಗೂ ಹೋದ ತಿಂಗಳು ಇದೇ ಜ್ವರ ಬಂದು ಹೋಗಿತ್ತು. ಹಾಕಿ ನೋಡಿದರೆ ಬ್ಲೌಸು ಭುಜದಿಂದ ಜಾರಿ ಬೀಳುತ್ತಿತ್ತು.

"ಎಲ್ಡೂ ಪಕ್ಕ ಕತ್ರಿಸಾಕಿ ಟೈಟ್ ಮಾಡ್ಕೊಡವ್ವ. ನಾದ್ನಿ ಮಗಳ್ ಮದ್ವೆಗೋಗ್ಬೇಕು."

"ಕತ್ತರಿ ಹಾಕಲ್ಲಮ್ಮ. ಕಚ್ಚಾ ಹೊಲಿಗೆ ಹಾಕ್ಕೊಡ್ತೀನಿ, ಮದ್ವೆ ಮುಗಿಸ್ಕೊಂಡು ಬನ್ನಿ."

"ಅದ್ಯಾಕೆ? ಕತ್ರಿಸಿದ್ರೆ ನಿಂಗೇನ್ ನಷ್ಟ?"

"ಇದು ಜ್ವರ ಬಿಟ್ಟ ಮೈ. ಇವತ್ತಿನ ಅಳತೆ ಇವತ್ತಿಗಷ್ಟೇ. ಉಣ್ತಾ ತಿಂತಾ ಮೈ ವಾಪಸ್ ಬಂದ ಮೇಲೆ ಕತ್ತರಿಸಿದ ಬಟ್ಟೆ ನಾನೆಲ್ಲಿಂದ ತರ್ಲಿ? ಈಗಿರೋ ಮೈಗೆ ಈಗ ಹೊಂದಿಸ್ಕೊಳಿ. ಆಮೇಲೆ ದಾರ ಎಳೆದ್ರೆ ಆಯ್ತು."

ಫರ್ಹಾನಾ ಇದನ್ನು ಜ್ವರದ ಕಾಲದಲ್ಲಿ ಪ್ರತಿ ಗಿರಾಕಿಗೂ ಹೇಳುತ್ತಾಳೆ. ಜಯಲಕ್ಷ್ಮಮ್ಮ ಕನ್ನಡಿಯಿಂದ ತಿರುಗಿ ಅವಳನ್ನೇ ನೋಡಿದರು.

"ನನ್ ಮೈಗೆ ಇಷ್ಟ್ ಚೆಂದಾಗಿ ನ್ಯಾಯ ಏಳ್ತೀಯಲ್ಲ. ಮೊನ್ನೆ ನಮ್ ಮೋರಿ ಮ್ಯಾಲೆ ಕುಂತಿದ್ದು ಯಾರ್ ಮೈಯವ್ವ?"

ಫರ್ಹಾನಾ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಬ್ಲೌಸಿನ ಮೇಲೆ ಬಗ್ಗಿದಳು. ಕಚ್ಚಾ ಹೊಲಿಗೆ ಹಾಕುತ್ತ ಹಾಕುತ್ತ ಅವಳ ಕಿವಿ ಕೆಂಪಾಗಿತ್ತು. ಆಕೆ ಹೋದ ಮೇಲೆ ಸೌಂದರ್ಯಳಿಗೆ ಫೋನ್ ಮಾಡಿ, "ಸ್ಕೂಲ್ ಬಿಟ್ಟ ಮೇಲೆ ಬಾ. ಆ ಚಾರ್ಟ್ ಕಿತ್ತಾಕಿದೀನಿ, ಹೊಸದು ಬರೀಬೇಕು," ಎಂದಳು.

ಹೊಸದನ್ನು ಇಬ್ಬರೂ ಕಟಿಂಗ್ ಟೇಬಲ್ ಮೇಲೆ ಹರಡಿಕೊಂಡು ಬರೆದರು. ತಪ್ಪಿದ್ದನ್ನು ಸೌಂದರ್ಯ ಅಡ್ಡಗೀಟು ಎಳೆದು ಹೊಡೆದುಹಾಕಿದಳು, ಯಾವುದನ್ನೂ ಮುಂದಕ್ಕೆ ತಳ್ಳಲಿಲ್ಲ. ಮೊದಲು ಬರೀ ನಡಿಗೆ. ಬೆಳಿಗ್ಗೆ ಎದ್ದಾಗ ಮೈ ಹಗುರ ಎನಿಸಿದರೆ ಮಾತ್ರ ನಿಧಾನದ ಓಟ. ಜೋರಾಗಿ ಓಡುವ ದಿನಗಳು ಪೂರಾ ರದ್ದು. ದೊಡ್ಡ ಓಟ ಒಂದೇ ಒಂದು, ಅದೂ ಹದಿನಾಲ್ಕು ಕಿಲೋಮೀಟರಿಗೆ ನಿಲ್ಲಬೇಕು.

"ಮಿಕ್ಕಿದ್ದು?" ಎಂದಳು ಫರ್ಹಾನಾ.

"ಮಿಕ್ಕಿದ್ದು ಅವತ್ತೇ. ಆದ್ರೆ ಒಂದ್ ಮಾತು ಕೊಡ್ಬೇಕು ನೀವು. ಪೂರ್ತಿ ಓಡೋ ಆಸೆ ಈ ವರ್ಸ ಬುಡಿ. ಐದ್ ಕರೆಂಟ್ ಕಂಬ ಓಡಿ, ಒಂದ್ ಕಂಬ ನಡೀಬೇಕು. ಅದೂ ಮೊದಲ್ನೇ ಕಂಬದಿಂದ. ಸುಸ್ತಾದ್ಮೇಲೆ ನಡ್ಯೋದಲ್ಲ, ಸುಸ್ತಾಗೋಕ್ ಮುಂಚೆ."

"ಬಜಾರಲ್ಲೂ?"

"ಬಜಾರಲ್ಲೂ."

ಫರ್ಹಾನಾ ಸೀಮೆಸುಣ್ಣವನ್ನು ಬೆರಳಲ್ಲಿ ತಿರುವುತ್ತ ಕೂತಳು. ಅವಳ ಅಂಗಡಿ ಇರುವುದು ಬಜಾರಿನಲ್ಲಿ. ಗಿರಾಕಿಗಳು, ಅಕ್ಕಪಕ್ಕದವರು, ಎದುರಿನ ಜವಳಿ ಅಂಗಡಿಯ ನಂಜುಂಡೇಶ್, ಎಲ್ಲರೂ ನಿಂತು ನೋಡುವ ಜಾಗ. ಅಲ್ಲಿ ಗಾಡಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಡೆಯಬೇಕು. ಕೊನೆಗೆ, "ಆಯ್ತು, ಕೊಟ್ಟೆ ಮಾತು," ಎಂದಳು.

ಕೊಟ್ಟ ಮೇಲೆ ಮುಗಿಯಿತು. ಓಡುವುದಕ್ಕಿಂತ ಓಡದೆ ಇರುವುದಕ್ಕೇ ಅವಳಿಗೆ ಹೆಚ್ಚು ಹಟ ಬೇಕಾಯಿತು. ಮೈದಾನದಲ್ಲಿ ಹುಡುಗಿಯರು ಸುತ್ತು ಹಾಕುವಾಗ ಅಂಚಿನಲ್ಲಿ ನಡೆದಳು. ಒಂದು ಬೆಳಿಗ್ಗೆ ತಲೆ ಭಾರ ಎನಿಸಿತು. ಶೂ ಕಟ್ಟಿದ್ದವಳು ಬಿಚ್ಚಿಟ್ಟು ಅಕ್ಕಿ ಆರಿಸುತ್ತ ಕೂತಳು. ಅತ್ತೆ ಅದನ್ನು ಎರಡು ಸಲ ಇಣುಕಿ ನೋಡಿ, ಮೂರನೆಯ ಸಲ ಬೇಯಿಸಿದ ಮೊಟ್ಟೆ ತಂದಿಟ್ಟರು. ದಿನ ಕಳೆದ ಹಾಗೆ ನಡಿಗೆ ಓಟವಾಯಿತು, ಓಟ ಸ್ವಲ್ಪ ಉದ್ದವಾಯಿತು, ಹದಿನಾಲ್ಕು ಕಿಲೋಮೀಟರೂ ಆಯಿತು. ಅವತ್ತು ಇನ್ನೂ ಎರಡು ಓಡಬಲ್ಲೆ ಎನಿಸಿದರೂ ನಿಂತಳು. ಹಲ್ಲು ಕಚ್ಚಿಕೊಂಡೇ ನಿಂತಳು ಅನ್ನಿ.

ಓಟದ ದಿನ ಮಂಜು ಎಷ್ಟಿತ್ತೆಂದರೆ ಎದುರಿನ ಅಂಗಡಿಯ ಬೋರ್ಡೂ ಕಾಣುತ್ತಿರಲಿಲ್ಲ. ಹೊರಟ ಮೇಲೆ ಐದನೆಯ ಕಂಬ ಬಂದದ್ದು ಸರಿಯಾಗಿ ಅವಳ ಅಂಗಡಿಯ ಮುಂದೆ. ಗುಂಪೆಲ್ಲ ದಡದಡ ಮುಂದೆ ಓಡಿತು. ಫರ್ಹಾನಾ ಓಟ ನಿಲ್ಲಿಸಿ ನಡೆದಳು, ಪಕ್ಕದಲ್ಲಿ ಸೌಂದರ್ಯ. ಹಿಂದಿನಿಂದ ಟೆಂಪೊದ ದೀಪ ಇಬ್ಬರ ಕಾಲಿನ ಮೇಲೂ ಬಿತ್ತು.

"ಏನ್ ಫರ್ಹಾನಕ್ಕ, ಇಲ್ಗೇ ಸುಸ್ತಾಯ್ತಾ?" ನಂಜುಂಡೇಶ್ ಕಾಫಿ ಲೋಟ ಹಿಡಿದು ರಸ್ತೆಯ ಅಂಚಿಗೇ ಬಂದು ನಿಂತು ನಗುತ್ತಿದ್ದ. ಪಕ್ಕದವರೂ ನಕ್ಕರು.

ಅವಳ ಕಾಲುಗಳು ತಾವಾಗಿಯೇ ಓಡಲು ಎದ್ದವು. ಅವಮಾನಕ್ಕೆ ಕಣ್ಣಲ್ಲಿ ನೀರೂ ಬಂತು. ಆದರೂ ಮುಂದಿನ ಕಂಬದವರೆಗೆ ನಡೆದೇ ನಡೆದಳು. ಕಂಬ ಮುಟ್ಟಿದ ಮೇಲೆ ಓಡಿದಳು, ಐದು ಕಂಬ ಕಳೆದು ಮತ್ತೆ ನಡೆದಳು. ಊರು ಮುಗಿಯಿತು, ಮಂಜು ಹರಿಯಿತು. ಹೊಲಗಳ ಮಧ್ಯೆ ರಸ್ತೆ ಉದ್ದಕ್ಕೆ ಬಿದ್ದುಕೊಂಡಿತ್ತು. ಮೋರಿಯ ಮೇಲೆ ಜಯಲಕ್ಷ್ಮಮ್ಮ ಅದೇ ರೇಷ್ಮೆ ಬ್ಲೌಸು ಹಾಕಿಕೊಂಡು ಕೂತಿದ್ದರು. "ದಾರ ಎಳ್ದಾಕ್ಬುಟ್ಟೆ ಕಣವ್ವ, ಸರಿಯಾಗ್ ಕುಂತದೆ ಈಗ," ಎಂದು ಕೂಗಿದರು.

ಹೋದ ವರ್ಷ ಗಾಡಿ ದಾಟಿದ ಜಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಒಂದು ದೊಡ್ಡ ಆಲದ ಮರ. ಅದನ್ನು ಓಡುತ್ತಲೇ ದಾಟಿದಳು. ಆಮೇಲಿನದು ಮಾತ್ರ ಮೈಗೆ ಗೊತ್ತಿಲ್ಲದ ದಾರಿ. ತೊಡೆ ಕಲ್ಲಾಯಿತು, ಗಂಟಲು ಒಣಗಿತು. ಇವರ ಮುಂದಿದ್ದ ಇಬ್ಬರು ಹುಡುಗರು ರಸ್ತೆ ಪಕ್ಕ ಕೂತುಬಿಟ್ಟರು, ಗಾಡಿ ಅವರನ್ನು ಹತ್ತಿಸಿಕೊಂಡಿತು. ದೂರದಲ್ಲಿ ಗೇಟು ಕಾಣುವ ಹೊತ್ತಿಗೆ ಎಂಜಿನ್ನಿನ ಸದ್ದು ಬೆನ್ನಿಗೇ ಬಂದಿತ್ತು. ಐದನೆಯ ಕಂಬವೂ ಆಗಲೇ ಬರಬೇಕೇ. ಫರ್ಹಾನಾ ನಡೆಯತೊಡಗಿದಳು.

ಮಾತು ತೆಗೆದುಕೊಂಡಿದ್ದ ಸೌಂದರ್ಯಳೇ ಗಾಬರಿಯಾದಳು. "ಅಕ್ಕ, ಗಾಡಿ ಬಂತು. ಕಂಬ ಸಾಯ್ಲಿ, ಓಡಿ."

"ಈಗ ಓಡಿದ್ರೆ ಅಲ್ಲಿ ಬೀಳ್ತೀನಿ. ಕಂಬ ಬರ್ಲಿ, ತಾಳು."

ಟೆಂಪೊದ ಮೂತಿ ಅವಳ ಮೊಣಕೈ ಹತ್ತಿರಕ್ಕೆ ಬಂತು. ಕರಿಯಯ್ಯ ತಲೆ ಹೊರಗೆ ಹಾಕಿ ನೋಡುತ್ತಿದ್ದ. ಅವನ ಮುಖದಲ್ಲೂ ನೆಮ್ಮದಿ ಇರಲಿಲ್ಲ, ಆದರೆ ನಿಯಮ ನಿಯಮವೇ, ವೇಗ ತಗ್ಗಿಸುವ ಹಾಗಿರಲಿಲ್ಲ. ಕಂಬ ಬಂತು. ಫರ್ಹಾನಾ ಕೈಯಲ್ಲಿ ಅದನ್ನು ಒಂದು ಸಲ ತಟ್ಟಿ ಓಡಿದಳು. ಉಳಿಸಿಕೊಂಡು ಬಂದಿದ್ದ ಕಾಲಿನ ಬಲ ಆಗ ಕೆಲಸಕ್ಕೆ ಬಂತು. ಗಾಡಿಯ ಸದ್ದು ಹಿಂದಕ್ಕೆ ಸರಿಯಿತು, ಇನ್ನೂ ಸರಿಯಿತು, ಗೇಟು ಮುಂದೆ ಬಂತು, ಅವಳು ದಾಟಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲೇ ಬಂದವರೆಲ್ಲ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದರು, ಯಾರೂ ತಿರುಗಿಯೂ ನೋಡಲಿಲ್ಲ. ಫರ್ಹಾನಾಗೆ ಅದರಿಂದ ಆದಷ್ಟು ಸಂತೋಷ ಯಾವುದರಿಂದಲೂ ಆಗಿರಲಿಲ್ಲ. ಸೌಂದರ್ಯಳನ್ನು ತಬ್ಬಿಕೊಂಡು ನಗುತ್ತ ನಗುತ್ತ ಅತ್ತುಬಿಟ್ಟಳು. ಆಮೇಲೆ ಇಬ್ಬರೂ ಸಾಲಿನಲ್ಲಿ ನಿಂತು ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ವಾಪಸ್ ಹೋಗಲು ಇದ್ದದ್ದೂ ಅದೇ ಟೆಂಪೊ. ಫರ್ಹಾನಾ ಹಿಂದಿನ ಬಾಗಿಲ ಕಡೆ ನಡೆದಾಗ ಕರಿಯಯ್ಯ, "ಅಲ್ಲೆಲ್ಲ ಕ್ಯಾನ್ ತುಂಬವ್ರೆ ತಂಗಿ, ಮುಂದ್ಕ್ ಬಾ," ಎಂದು ತನ್ನ ಪಕ್ಕದ ಸೀಟನ್ನು ಟವೆಲಿನಲ್ಲಿ ಒರೆಸಿದ. ಸೌಂದರ್ಯಳನ್ನೂ ಹತ್ತಿಸಿಕೊಂಡು ಫರ್ಹಾನಾ ಅಂಚಿಗೆ ಕೂತು ಕಿಟಕಿಯ ಗಾಜು ಇಳಿಸಿದಳು.

ಗಾಡಿ ಹೊರಟ ಮೇಲೆ, "ಕರಿಯಯ್ಯಣ್ಣ, ಸ್ವಲ್ಪ ನಿಧಾನ ಓಡ್ಸಿ," ಎಂದಳು. "ಬರೋವಾಗ ಬರೀ ಕಂಬ ನೋಡ್ಕೊಂಡು ಬಂದೆ. ಈಗ ದಾರಿ ನೋಡ್ಬೇಕು."