ಒಡೆಯನ ಕೈಗೆ ಕೂಗಿದ ನಾಯಿ

ನಾಯಿಗಳ ವೈದ್ಯೆ ಆ ಅಂಗಳಕ್ಕೆ ಕಾಲಿಟ್ಟಿದ್ದೇ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು. ಕಾವಲಿನ ದೊಡ್ಡ ನಾಯಿಗಳನ್ನು ಪಳಗಿಸುವ ಜಾಗ ಅದು. ಹಿಂದೆ ಅವಳ ತಮ್ಮ ಅಲ್ಲೇ ಕೆಲಸಕ್ಕಿದ್ದ. ಒಂದು ದಿನ ಅವನು ತನ್ನ ನಾಯಿಯ ಸೊಂಟ ಮುಟ್ಟಿದ್ದೇ ತಡ, ಅದು ಚೀರಿಕೊಂಡಿತು. ಒಡೆಯನ ಕೈಗೆ ನಾಯಿ ಕೂಗಿತೆಂದರೆ ಒಡೆಯ ಹೊಡೆಯುತ್ತಾನೆ ಎಂದೇ ಅರ್ಥ. ಅಲ್ಲಿನ ಯಜಮಾನನ ಕಟ್ಟಳೆ ಅದು. ತೊಡೆಯ ಕೀಲಿನ ಎಕ್ಸ್‌ರೇ ತೆಗೆಸಿದರು, ಕೀಲು ಚೊಕ್ಕವಾಗಿತ್ತು. ಸ್ವಲ್ಪ ಮೇಲೆ, ಬೆನ್ನುಮೂಳೆ ಬಾಲದ ಕಡೆಗೆ ಇಳಿಯುವಲ್ಲಿ ನರ ಹಿಸುಕಿಕೊಂಡಿದೆಯೇ ಎಂದು ಯಾರೂ ನೋಡಲಿಲ್ಲ. ತಮ್ಮನನ್ನು ಎಲ್ಲರೆದುರು ನಿಲ್ಲಿಸಿ, ನಾಯಿ ಬಡಿಯುವವನು ಎಂದು ಹೊರದಬ್ಬಿದರು. ಆಮೇಲೆ ಅವನು ಯಾವ ನಾಯಿಯನ್ನೂ ಮುಟ್ಟಲಿಲ್ಲ.

ಈಗ ಅಲ್ಲಿನ ತಪಾಸಣೆ ಅವಳ ಪಾಲಿಗೆ ಬಂದಿತ್ತು. ಅವಳು ಯಾರ ಅಕ್ಕ ಎಂಬುದು ಯಜಮಾನನಿಗೆ ತಿಳಿಯದು. ಅವನ ಸ್ವಂತ ನಾಯಿ ಮರುದಿನ ಓಟ, ಜಿಗಿತದ ಪಂದ್ಯಕ್ಕೆ ಹೊರಡಬೇಕು. ಮೈ ಸರಿಯಿದೆ ಎಂದು ಅವಳು ಹೇಳಿದರೆ ಮಾತ್ರ.

ನಾಯಿ ಚೆನ್ನಾಗಿಯೇ ಓಡಿತು. ಆದರೆ ಹಿಂಗಾಲಿನ ಉಗುರುಗಳು ಮುಂಬದಿಯಲ್ಲಿ ಸವೆದಿದ್ದವು. ಪಾದ ಎಳೆಯುವ ನಾಯಿ ಅದು.

"ಬೆಳಿಗ್ಗೆ ನೋವಿನ ಮಾತ್ರೆ ಏನಾದ್ರೂ ಹಾಕಿದ್ರಾ?"

"ಇದಕ್ಕಾ? ಕುದುರೆ ಇದು, ತಾಯಿ."

"ಆಗ್ಲಿ. ಕುದುರೆಗೆ ದಣಿವಾಗೋವರೆಗೂ ಕೂತಿರ್ತೀನಿ."

ಸ್ಟೂಲು ಎಳೆದು ನೆರಳಲ್ಲಿ ಕೂತಳು. ಮಾತ್ರೆ ಕೊಟ್ಟಿದ್ದರೆ ಸಂಜೆಗೆ ಅದರ ಬಲ ಇಳಿಯಲೇಬೇಕು. ಬಿಸಿಲು ಏರಿತು, ಇಳಿಯಿತು.

"ಡಾಕ್ಟ್ರಮ್ಮಂಗೆ ಮನೇಲಿ ಏನೂ ಕೆಲಸ ಇಲ್ವೇನೋ," ಎಂದು ಯಜಮಾನ ನಕ್ಕ. ಅವಳೂ ನಕ್ಕಳು.

"ಇವತ್ತಿಗೆ ಇದೇ ಕೆಲಸ."

ಸಂಜೆ ನಾಯಿಗಳ ಊಟದ ಹೊತ್ತಿಗೆ ಪಳಗಿಸುವವರೆಲ್ಲ ಅಂಗಳದಲ್ಲಿ ಸೇರಿದರು. ಯಜಮಾನನ ನಾಯಿ ಏಳುವಾಗ ಹಿಂಭಾಗ ಓಲಾಡಿತು. ಆಗ ಅವಳು ಎದ್ದಳು.

"ನಿಮ್ಮ ಕೈಗೆ ಒಗ್ಗಿದ ನಾಯಿ. ನೀವೇ ಮುಟ್ಟಿ ನೋಡಿ. ಸೊಂಟದ ಕೊನೇಲಿ ಹೆಬ್ಬೆರಳು ಇಟ್ಟು, ಮೆತ್ತಗೆ ಬಾಲ ಎತ್ತಿ."

ಎಲ್ಲರೂ ನೋಡುತ್ತಿದ್ದರು. ಒಲ್ಲೆ ಎನ್ನುವ ಹಾಗಿರಲಿಲ್ಲ. ಅವನು ಬಾಲ ಎತ್ತಿದ್ದೇ ನಾಯಿ ಚೀರಿ ಕುಸಿಯಿತು.



"ಹೊಡೀತೀರಾ ಇದನ್ನ?" ಎಂದು ಕೇಳಿದಳು ವೈದ್ಯೆ, ಜ್ವರ ಇದೆಯಾ ಎಂದು ಕೇಳುವ ದನಿಯಲ್ಲಿ.

"ಅಯ್ಯೋ, ಮಗು ಥರ ಸಾಕಿದೀನಿ..."

"ಒಡೆಯನ ಕೈಗೆ ಕೂಗ್ತಲ್ಲ."

ಅವನು ಸುತ್ತ ನಿಂತವರತ್ತ ತಿರುಗಿದ. "ಬೆನ್ನಿನ ಕಾಯಿಲೆ ಇರ್ಬೇಕು. ಹೇಳಿ ತಾಯಿ, ಇವರಿಗೆಲ್ಲ ಹೇಳಿ."

ಅವಳು ಬಗ್ಗಿ ನಾಯಿಯ ತಲೆ ಸವರಿದಳು. ತಕ್ಷಣಕ್ಕೆ ಅದಕ್ಕೇನೂ ಕೆಡುಕಾಗದು. ವಿಶ್ರಾಂತಿ ಬೇಕು, ಸ್ಕ್ಯಾನ್ ಬೇಕು, ಔಷಧಿ ಬೇಕು. ಅವನು ಮಾತ್ರ ಕಾಯಲಿ ಎಂದು ಬೇಕೆಂದೇ ಸುಮ್ಮನಿದ್ದಳು. ಅವನ ಹಣೆಯಲ್ಲಿ ಬೆವರು ಕಟ್ಟಿತು.

"ಬೆನ್ನುಮೂಳೆದೇ," ಎಂದಳು ಕೊನೆಗೆ. "ಇದು ಇನ್ನು ಜಿಗಿಯೋ ಹಾಗಿಲ್ಲ. ನೀವು ಓಡಿಸಿದ ಹುಡುಗನ ನಾಯಿಗೂ ಇದೇ ಇತ್ತು. ಅವನು ನನ್ನ ತಮ್ಮ."

ಯಜಮಾನ ನಾಯಿಯ ಪಕ್ಕ ಕುಕ್ಕರಿಸಿದ. "ವಾಪಸ್ ಕರೆಸ್ಕೋತೀನಿ. ಬರ್ತಾನಾ?"

"ಬರಲ್ಲ. ಆದ್ರೂ ಇವರನ್ನೆಲ್ಲ ಕರ್ಕೊಂಡು ನೀವು ಅವನ ಬಾಗಿಲಿಗೆ ಹೋಗ್ಬೇಕು, ಕೇಳ್ಬೇಕು. ಅವನು ಒಲ್ಲೆ ಅನ್ನೋದನ್ನ ನಾನು ನಿಂತು ನೋಡ್ಬೇಕು."