ರಮೋನಾ ಬಟ್ಟಲಿನ ಎಕ್ಸ್‌ರೇ

೧೯೮೪ರ ಒಂದು ಶನಿವಾರ ಮೂಳೆ ಡಾಕ್ಟರು ಶೇಷಾದ್ರಿ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಸ್ಯಾನ್ ಹೊಸೆ ನಗರದ ತಮ್ಮ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಬಂದರು. ಅಲ್ಲಿ ಟೆಕ್ನಿಷಿಯನ್ ಆಗಿದ್ದ ಹಾಸನದ ಸತ್ಯವತಿ ಟವೆಲ್ಲು ಬಿಚ್ಚಿದಳು. ಕಪ್ಪು ಮಣ್ಣಿನ ಬಟ್ಟಲು. ಮೈಯೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಚಿನ ಸುತ್ತ ಹೊಳಪಿಲ್ಲದ ಕಪ್ಪಿನಲ್ಲಿ ಹಕ್ಕಿಗರಿಗಳ ಸಾಲು. ಕಪ್ಪಿನ ಮೇಲೆ ಕಪ್ಪಲ್ಲೇ ಚಿತ್ರ ಬರೆದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

“ಸಿಂಕಿಗೆ ತಾಗಿಬಿಡ್ತು ಸತ್ಯವತಿಯವ್ರೇ. ಕ್ರ್ಯಾಕು ಕಾಣ್ತಿಲ್ಲ, ಆದ್ರೆ ತಟ್ಟಿದ್ರೆ ಸೌಂಡು ಬೇರೆ ಥರ ಬರ್ತಿದೆ. ಒಂದು ಫಿಲ್ಮು ತೆಗೀತೀರಾ?”

“ಪೇಷೆಂಟ್ ಹೆಸರು ಏನಂತ ಬರೀಲಿ ಡಾಕ್ಟ್ರೇ?” ಸತ್ಯವತಿ ನಕ್ಕಳು.

“ರಮೋನಾ ಅಂತ ಬರೀರಿ.” ಡಾಕ್ಟರು ನಗಲಿಲ್ಲ.

ರಮೋನಾ ನ್ಯೂ ಮೆಕ್ಸಿಕೋದ ಪ್ವೆಬ್ಲೊ ಎಂಬ ಮೂಲನಿವಾಸಿ ಜನರ ಹಳ್ಳಿಯೊಂದರಲ್ಲಿ ಮಡಕೆ ಮಾಡುವ ಅಜ್ಜಿ. ಶೇಷಾದ್ರಿ ಮೊದಲು ಆ ಕಡೆ ಕೆಲಸದಲ್ಲಿದ್ದಾಗ ಆಕೆಯ ಮುರಿದ ಬಲ ಮಣಿಕಟ್ಟನ್ನು ಕೂಡಿಸಿ, ಆರು ತಿಂಗಳು ಮಣ್ಣು ಮುಟ್ಟಬೇಡಿ ಎಂದಿದ್ದರು. ನಾಲ್ಕನೇ ತಿಂಗಳಿಗೇ ಆಕೆ ಈ ಬಟ್ಟಲನ್ನು ತಂದು ಅವರ ಮೇಜಿನ ಮೇಲಿಟ್ಟು ಹೋಗಿದ್ದರಂತೆ.

ಸತ್ಯವತಿ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು. ಬುಡದ ಹತ್ತಿರ ಕೂದಲೆಳೆಯಷ್ಟು ಬಿರುಕಿತ್ತು. ಆದರೆ ಇಬ್ಬರ ಕಣ್ಣೂ ಅಲ್ಲಿ ನಿಲ್ಲಲಿಲ್ಲ. ಗರಿಗಳು ಮಾಯವಾಗಿದ್ದವು. ಮಣ್ಣಿನ ಸುರುಳಿಗಳು ಒಂದರ ಮೇಲೊಂದು ಕೂತಿದ್ದವು. ಒಂದೊಂದರ ಮೇಲೂ ಬೆರಳೊತ್ತಿದ ಗುಳಿಗಳು.

“ತಿಗರೀಲಿ ಮಾಡಿದ್ದಲ್ವಾ ಇದು?”

“ತಿಗರಿನೇ ಇಲ್ಲ. ಮಣ್ಣನ್ನ ಹಗ್ಗದ ಹಾಗೆ ಹೊಸೆದು ಸುತ್ತಾ ಹೋಗ್ತಾರೆ. ಆಮೇಲೆ ನುಣ್ಣನೆ ಕಲ್ಲಲ್ಲಿ ಉಜ್ಜೋದು. ಎಲೆಯ ನಾರೇ ಬ್ರಷ್ಷು. ಒಣಗಿದ ಸಗಣೀಲಿ ಸುಡ್ತಾರೆ, ಆ ಹೊಗೆ ಕುಡಿದು ಕಪ್ಪಾಗುತ್ತೆ.”

ಸತ್ಯವತಿ ಕೆಳಗಿನ ಸುರುಳಿಗಳತ್ತ ಬೆರಳು ತೋರಿಸಿದಳು. “ಇಲ್ಲೆಲ್ಲ ಹೆಬ್ಬೆರಳು ಮೆತ್ತಗೆ ಒತ್ತಿದೆ, ನೋಡಿ. ಮೇಲೆ ಹೋಗ್ತಾ ಹೋಗ್ತಾ ಆಳ. ಶುರುವಲ್ಲಿ ಕೈ ತುಂಬ ನೋಯ್ತಿತ್ತೇನೋ.”

ಶೇಷಾದ್ರಿ ಬಟ್ಟಲನ್ನು ಕೈಗೆತ್ತಿಕೊಂಡು ಗರಿಗಳನ್ನು ಒಂದೊಂದಾಗಿ ನೋಡಿದರು. ಒಂದು ಗೆರೆಯೂ ನಡುಗಿರಲಿಲ್ಲ.

“ಇದನ್ನ ಮಾಡಿದ ಕೈ ಪೂರ್ತಿ ವಾಸಿಯಾಗಿತ್ತು ಅಂದ್ಕೊಂಡಿದ್ದೆ,” ಎಂದರು ಮೆಲ್ಲಗೆ.

ಬಿರುಕಿಗೆ ಕ್ಷಮೆ ಕೇಳಿ, ಫಿಲ್ಮಿನ ಒಂದು ಪ್ರತಿಯನ್ನು ಅವರು ರಮೋನಾಗೆ ಕಳಿಸಿದರು. ತಿಂಗಳ ಮೇಲೆ ಮೊಮ್ಮಗಳ ಕೈಬರಹದಲ್ಲಿ ಉತ್ತರ ಬಂತು. ಅಜ್ಜಿ ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಅಂಟಿಸಿದ್ದಾರಂತೆ; ನೆರೆಹೊರೆಯ ಹೆಂಗಸರೆಲ್ಲ ಬಂದು ನೋಡಿಹೋದರಂತೆ. ಕೊನೆಯಲ್ಲಿ ಅಜ್ಜಿಯ ಮಾತು: “ಅರವತ್ತು ವರ್ಷದಿಂದ ತಿಕ್ಕಿ ತಿಕ್ಕಿ ಬೆರಳ ಗುರುತು ಅಳಿಸುತ್ತಿದ್ದೆ. ಎಲ್ಲ ಒಳಗೇ ಉಳಿದಿವೆಯಲ್ಲ! ಬಟ್ಟಲು ನಿಮ್ಮ ಹತ್ತಿರವೇ ಇರಲಿ. ನೀರು ಮಾತ್ರ ಹಾಕಬೇಡಿ.”

ಶೇಷಾದ್ರಿ ಅದನ್ನು ಸತ್ಯವತಿಗೆ ಎರಡು ಸಲ ಓದಿ ಹೇಳಿದರು.