ಬೇಬಿಯಕ್ಕ ಹೊಗೆಸೊಪ್ಪು ಯಾಕೆ ಬಿಡಲಿಲ್ಲ?

ಉದ್ಯಾವರದ ಹೊಳೆಬದಿಯಲ್ಲಿ ಮೀನು ಒಣಗಿಸುವ ಒಂದು ಶೆಡ್ಡು ಇದೆ. ಅಲ್ಲಿ ದುಡಿಯುವ ಹನ್ನೊಂದು ಹೆಂಗಸರ ಕೆನ್ನೆಯೂ ಬೆಳಗ್ಗೆಯಿಂದ ಸಂಜೆಯವರೆಗೆ ಉಬ್ಬಿಯೇ ಇರುತ್ತಿತ್ತು. ಒಳಗೆ ಎಲೆಅಡಿಕೆ, ಹೊಗೆಸೊಪ್ಪು.

ನಾನು ಭವ್ಯಶ್ರೀ, ಅಲ್ಲಿಯ ಆಶಾ ಕಾರ್ಯಕರ್ತೆ. ಮೂರು ವರ್ಷ ಹೋಗಿ ಹೋಗಿ ಒಂದೇ ಮಾತು ಹೇಳಿದೆ, ಹೊಗೆಸೊಪ್ಪು ಬಿಡಿ, ಕ್ಯಾನ್ಸರ್ ಬರುತ್ತದೆ ಎಂದು. ಅವರು ತಲೆಯಾಡಿಸುತ್ತಿದ್ದರು. ನಾನು ಬೆನ್ನು ತಿರುಗಿಸಿದ ಕೂಡಲೇ ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಇವರಿಗೆ ಬುದ್ಧಿ ಇಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅವರಲ್ಲೊಬ್ಬರಾದ ಬೇಬಿಯಕ್ಕ ಬರೀ ಗಂಜಿಯ ತಿಳಿ ಕುಡಿಯುತ್ತಿದ್ದರು.

"ಊಟ ಇಲ್ವಾ ಬೇಬಿಯಕ್ಕ?"

"ಖಾರ ತಾಗಿದ್ರೆ ಬಾಯಿ ಉರಿಯುತ್ತದೆ. ಬಾಯಿ ಅಗಲ ಮಾಡ್ಲಿಕ್ಕೂ ಆಗುದಿಲ್ಲ."

ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದಾ ನೋಡಿ ಎಂದೆ. ಎರಡೂ ಸರಿಯಾಗಿ ಹೋಗಲಿಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಅದರ ನಡುವೆ ಹುಣ್ಣು. ನನಗೆ ಸಿಟ್ಟು ಬಂತು.

"ಅಷ್ಟು ಸಲ ಹೇಳಿದೆನಲ್ಲ, ಯಾಕೆ ಬಿಡಲಿಲ್ಲ?"

"ನಿನಗೆ ಹೇಳ್ಲಿಕ್ಕೆ ಸುಲಭ ಮಾರಾಯ್ತಿ. ಇದು ಬಾಯಲ್ಲಿದ್ರೆ ಹಸಿವೆ, ಬಾಯಾರಿಕೆ ಗೊತ್ತಾಗುದಿಲ್ಲ. ನೀರು ಕುಡಿದ್ರೆ ಮೂತ್ರಕ್ಕೆ ಹೋಗ್ಬೇಕಲ್ವಾ? ಇಲ್ಲಿ ಎಲ್ಲಿ ಜಾಗ ಉಂಟು? ಹೊಳೆಬದಿಯಲ್ಲಿ ಇಡೀ ದಿನ ಗಂಡಸರು ಕೂತಿರ್ತಾರೆ."

ಆ ಶೆಡ್ಡಿನಲ್ಲಿ ನಾನು ಯಾವತ್ತೂ ಅರ್ಧ ಗಂಟೆಗಿಂತ ಹೆಚ್ಚು ನಿಂತವಳಲ್ಲ. ಶೌಚಾಲಯ ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಶೆಡ್ಡಿನ ಯಜಮಾನ ರೋನಿಯವರ ಹತ್ತಿರ ಹೋಗಿ ಹೇಳಿದೆ.

"ಚಟ ಅವರದ್ದು. ಅದಕ್ಕೆ ನಾನೆಂತ ಮಾಡುದು?" ಎಂದರು ಅವರು.

"ಚಟ ಅವರದ್ದೇ. ಆದರೆ ಅದನ್ನು ಸಾಕುವುದು ಈ ಜಾಗ. ಒಂದು ಶೌಚಾಲಯ, ಕುಡಿಯುವ ನೀರು, ನಡುವೆ ಚಹಾಕ್ಕೆ ಹತ್ತು ನಿಮಿಷ. ಇಷ್ಟು ಕೊಟ್ಟು ನೋಡಿ."

ರೋನಿಯವರು ನಂಬಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಬೇಬಿಯಕ್ಕನಿಗೆ ಕ್ಯಾನ್ಸರ್ ಎಂದು ಹೇಳಿ, ದವಡೆಯ ಒಂದು ಭಾಗ ತೆಗೆದ ಮೇಲೆ ನಂಬಿದರು.

ಈಗ ಶೆಡ್ಡಿನ ಹಿಂದೆ ಬಾಗಿಲು, ಚಿಲಕ ಎಲ್ಲ ಇರುವ ಶೌಚಾಲಯ ಇದೆ. ಉಳಿದ ಹತ್ತು ಹೆಂಗಸರೂ ಬಾಯಿ ತಪಾಸಣೆ ಮಾಡಿಸಿಕೊಂಡರು. ಆರು ಮಂದಿ ಹೊಗೆಸೊಪ್ಪು ಬಿಟ್ಟಿದ್ದಾರೆ. ನಾಲ್ವರು ಇನ್ನೂ ಒದ್ದಾಡುತ್ತಿದ್ದಾರೆ, ಅವರನ್ನು ನಾನೀಗ ಬೈಯುವುದಿಲ್ಲ.

ಮೊನ್ನೆ ಬೇಬಿಯಕ್ಕನ ಮನೆಗೆ ಹೋಗಿ ಈ ಸುದ್ದಿ ಹೇಳಿದೆ. ಅವರ ಮಾತು ಈಗ ಮಗಳು ಆಶ್ರಿತಾಳಿಗೆ ಮಾತ್ರ ತಿಳಿಯುತ್ತದೆ. ಬೇಬಿಯಕ್ಕ ಏನೋ ಅಂದರು.

"ಇದನ್ನು ಮೊದಲೇ ಯಾಕೆ ಕಟ್ಟಲಿಲ್ಲ ಅಂತ ಅಮ್ಮ ಕೇಳ್ತಿದ್ದಾರೆ," ಎಂದಳು ಆಶ್ರಿತಾ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಆಸ್ಪತ್ರೆಗೆ ಹೋಗಿ. ಹೊಗೆಸೊಪ್ಪು ಬಿಡಲು ಕಷ್ಟವಾದರೆ ಅಲ್ಲಿಯೇ ಸಹಾಯ ಕೇಳಿ. ಚಟ ಇರುವವರನ್ನು ದೂರುವ ಮೊದಲು ಅವರು ದುಡಿಯುವ ಜಾಗವನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿ ನೀರಿಲ್ಲ, ಶೌಚಾಲಯವಿಲ್ಲ ಎಂದಾದರೆ ಯಜಮಾನರಿಗೆ ಹೇಳಿ, ಪಂಚಾಯತಿಗೆ ಹೇಳಿ. ಬೇಬಿಯಕ್ಕನಿಗಾಗಿ ಕಟ್ಟಿಸಿದ ಶೌಚಾಲಯವನ್ನು ಬೇಬಿಯಕ್ಕ ಒಂದು ದಿನವೂ ಬಳಸಲಿಲ್ಲ.